ವಯಸ್ಸಾಯ್ತು ಅನ್ನೋದು ಕಾಯಿಲೆಯ ಹೆಸರಲ್ಲ

ನಮ್ಮ ಸೀಮೆಯಲ್ಲಿ ಒಬ್ಬರ ಕಾಲು ಇನ್ನೂ ಗಟ್ಟಿಯಾಗಿದೆಯಾ ಅಂತ ತಿಳಿಯೋಕೆ ಒಂದೇ ಪ್ರಶ್ನೆ ಸಾಕು: "ಈ ಸಲ ಜಟಿಂಗ ರಾಮೇಶ್ವರ ಹತ್ತಿದ್ರಾ?" ರಾವಣನ ಕೈಲಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದದ್ದು ಇದೇ ಬೆಟ್ಟದ ಮೇಲೆ ಅಂತ ಹಿರಿಯರು ಹೇಳ್ತಾರೆ. ಮೇಲೆ ರಾಮೇಶ್ವರನ ಗುಡಿ, ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನ. ಬಿ.ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆಗೆ ಇದನ್ನೂ ಬೆಳಕಿಗೆ ತಂದರು. ಮೇಲಕ್ಕೆ ಹೋಗೋಕೆ ಮೆಟ್ಟಿಲುಗಳಿವೆ. ಹತ್ತೋಕೆ ಕಷ್ಟವಾದವರಿಗೆ ಇಳಿಯೋದು ಇನ್ನೂ ಕಷ್ಟ.

ನಮ್ಮ ತಾಲ್ಲೂಕಿನ ಹೆಸರಲ್ಲೇ ಮೊಳಕಾಲು ಇದೆ. ಮೊಳಕಾಲ್ಮುರು ಅಂದ್ರೆ ಮೊಳಕಾಲು ಮುರಿಯೋ ಊರಾ ಅಂತ ಹೊರಗಿನವರು ತಮಾಷೆ ಮಾಡೋದುಂಟು. ತಮಾಷೆ ಏನೇ ಇರಲಿ, ಐವತ್ತು ದಾಟಿದವರು ನಾಲ್ಕು ಜನ ಸೇರಿದ ಕಡೆ ಮಾತು ಬರೋದು ಮೊಳಕಾಲಿಗೇ. ಕೊನೆಗೆ ಯಾರಾದ್ರೂ ಒಬ್ಬರು, "ಏನ್ ಮಾಡೋದು, ವಯಸ್ಸಾಯ್ತಲ್ಲ" ಅಂತಾರೆ. ಅಲ್ಲಿಗೆ ಮಾತು ಮುಗೀತು. ಔಷಧಿಯೂ ಮುಗೀತು!

ನನಗೀಗ ಅರವತ್ನಾಲ್ಕು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತಳಾದವಳು. ನಮ್ಮ ಮನೆತನದಲ್ಲೇ ಮೂವರಿಗೆ ಕೀಲು ಬಾವು, ಕೀಲು ನೋವು. ನನಗೆ, ನನ್ನ ಓರಗಿತ್ತಿಗೆ, ಚಳ್ಳಕೆರೆ ಕಡೆಯ ನನ್ನ ಸೋದರಮಾವನಿಗೆ. ಊರಿನವರು ಮೂರಕ್ಕೂ ಇಟ್ಟ ಹೆಸರು ಒಂದೇ, "ವಾಯು". ಆಸ್ಪತ್ರೆಗೆ ಹೋದಾಗ ಗೊತ್ತಾಗಿದ್ದು ಮೂರೂ ಬೇರೆ ಬೇರೆ ಕಾಯಿಲೆ, ಮೂರಕ್ಕೂ ಬೇರೆ ಬೇರೆ ದಾರಿ ಅಂತ. ನಿಮ್ಮ ಮನೆಯ ಹಿರಿಯರಿಗೂ ಉಪಯೋಗವಾದೀತು ಅಂತ ಇದನ್ನು ಬರೀತಿದ್ದೀನಿ.

ನನ್ನ ಮೊಳಕಾಲು: ಸವೆತ

ನನ್ನದು ಎಲ್ಲಕ್ಕಿಂತ ಸಾಮಾನ್ಯವಾದ ಕಥೆ. ಎರಡು ಮೂಳೆ ಸೇರುವ ಕಡೆ ಮೆತ್ತೆಯ ಹಾಗಿರೋ ಮೃದ್ವಸ್ಥಿ ಸವೆಯುತ್ತಾ ಬಂದಿದೆ. ಡಾಕ್ಟರು ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಅಂತಾರೆ. ಇದರ ಗುರುತು ಹೀಗೆ: ಬೆಳಗ್ಗೆ ಎದ್ದಾಗ ಕಾಲು ಬಿಗಿಯಾಗಿರುತ್ತೆ, ಆದ್ರೆ ಅರ್ಧ ಗಂಟೆಯೊಳಗೆ ಸಡಿಲಾಗುತ್ತೆ. ಕೂತಿದ್ದು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಕಷ್ಟ. ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿ. ಹೆಚ್ಚು ಓಡಾಡಿದ ದಿನ ಸಂಜೆಗೆ ಮೊಳಕಾಲು ಊದುತ್ತೆ.

ವಯಸ್ಸು ಇದಕ್ಕೆ ಕಾರಣಗಳಲ್ಲಿ ಒಂದು, ನಿಜ. ಆದ್ರೆ ಅದೊಂದೇ ಅಲ್ಲ. ಮೈತೂಕ, ಹಿಂದೆ ಯಾವಾಗಲೋ ಬಿದ್ದ ಪೆಟ್ಟು, ಸೋತುಹೋದ ತೊಡೆಯ ಸ್ನಾಯು, ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಮಾಡಿದ ಕೆಲಸ, ಎಲ್ಲವೂ ಸೇರುತ್ತೆ. ನಮ್ಮ ಕಡೆ ಶೇಂಗಾ ಬಿಡಿಸೋ ಕಾಲಕ್ಕೆ ಹೆಂಗಸರು ದಿನವಿಡೀ ಹೇಗೆ ಕೂತಿರ್ತಾರೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಯಸ್ಸನ್ನು ಇಳಿಸೋಕಾಗಲ್ಲ. ಉಳಿದದ್ದರಲ್ಲಿ ಕೆಲವು ನಮ್ಮ ಕೈಯಲ್ಲಿವೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ನನಗೆ ಬಹಳ ಹಿಡಿಸಿತು. ಮೈತೂಕ ಒಂದು ಕೆ.ಜಿ. ಇಳಿದರೆ, ಪ್ರತಿ ಹೆಜ್ಜೆಯಲ್ಲೂ ಮೊಳಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕೆ.ಜಿ. ಕಡಿಮೆಯಾಗುತ್ತಂತೆ. ದಿನಕ್ಕೆ ಎಷ್ಟು ಹೆಜ್ಜೆ ಇಡ್ತೀವಿ, ನೀವೇ ಗುಣಿಸಿ ನೋಡಿ.

ಓರಗಿತ್ತಿಯ ಬೆರಳು: ಆಮವಾತ

ನನ್ನ ಓರಗಿತ್ತಿಗೆ ಐವತ್ತೆರಡು. ಮನೆಯಲ್ಲಿ ಮೊಳಕಾಲ್ಮುರು ರೇಷ್ಮೆ ಸೀರೆಯ ಮಗ್ಗ. ಅವಳದು ಕಂಡಿಕೆ ಸುತ್ತೋ ಕೆಲಸ. ಎಳೆ ಹಿಡಿಯೋ ಬೆರಳೇ ಅವಳ ದುಡಿಮೆ. ಎರಡು ವರ್ಷದ ಹಿಂದೆ ಎರಡೂ ಕೈಯ ಬೆರಳಿನ ಗಿಣ್ಣು ಊದಿಕೊಂಡವು. ಬಳೆ ಏರುತ್ತಿರಲಿಲ್ಲ. "ಅಕ್ಕಾ, ಬೆಳಗ್ಗೆ ಹತ್ತು ಗಂಟೆಯಾದ್ರೂ ಮುಷ್ಟಿ ಕಟ್ಟೋಕಾಗಲ್ಲ, ಮುದ್ದೆ ತಿರುವೋಕೆ ಕೋಲು ಹಿಡಿಯೋಕಾಗಲ್ಲ" ಅಂತ ಕಣ್ಣಲ್ಲಿ ನೀರು ಹಾಕ್ತಿದ್ದಳು. ಅವಳಿಗೂ ಬೀದಿಯವರು ಹೇಳಿದ್ದು ಅದೇ, ವಯಸ್ಸಾಯ್ತು.

ಯಾರೋ ಹೇಳಿದ್ರು ಅಂತ ಎಲ್ಲಿಂದಲೋ ಒಂದು ಪುಡಿ ತರಿಸಿದಳು. ಪೊಟ್ಟಣದ ಮೇಲೆ ಹೆಸರಿಲ್ಲ, ಏನಿದೆ ಅಂತ ಬರೆದಿಲ್ಲ. ಎರಡೇ ದಿನಕ್ಕೆ ನೋವು ಮಾಯ! ಮನೆಯವರೆಲ್ಲ ಕೈ ಮುಗಿದರು. ಕೆಲವು ತಿಂಗಳಲ್ಲಿ ಮುಖ ದುಂಡಗೆ ಊದಿಕೊಂಡಿತು, ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿತು. ಪುಡಿ ಬಿಟ್ಟರೆ ನೋವು ದುಪ್ಪಟ್ಟು. ಕೊನೆಗೆ ಡಾಕ್ಟರು, ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದುಂಟು ಅಂತ ಎಚ್ಚರಿಸಿದರು. ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ, ಆದ್ರೆ ಡಾಕ್ಟರ ಲೆಕ್ಕದಲ್ಲಿ ತಗೋಬೇಕು. ಬಹಳ ದಿನ ತಗೊಂಡಿದ್ದನ್ನು ಒಮ್ಮೆಲೇ ನಿಲ್ಲಿಸೋದೂ ಅಪಾಯ, ಹಂತಹಂತವಾಗಿ ಇಳಿಸಬೇಕು.

ರಕ್ತ ಪರೀಕ್ಷೆ ಮಾಡಿಸಿದಾಗ ಅವಳದು ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಆಮವಾತ ಅಂತ ಗೊತ್ತಾಯ್ತು. ಇಲ್ಲಿ ಕೀಲು ಸವೆದಿರೋದಲ್ಲ. ರೋಗದ ಜೊತೆ ಹೋರಾಡಬೇಕಾದ ದೇಹದ ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿ ಬಿದ್ದಿರೋದು. ಇದು ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು. ಎರಡೂ ಕೈಯ ಸಣ್ಣ ಕೀಲುಗಳಲ್ಲಿ ಬಾವು, ಬೆಳಗ್ಗೆ ಒಂದು ಗಂಟೆಗೂ ಮೀರಿದ ಬಿಗಿತ, ಜೊತೆಗೆ ಸುಸ್ತು, ಇದು ಆರು ವಾರ ದಾಟಿದರೆ ಇನ್ನು ಕಾಯಬಾರದು. ಬೇಗ ಔಷಧಿ ಶುರುವಾದಷ್ಟೂ ಕೀಲು ಸೊಟ್ಟಗಾಗೋದು ತಪ್ಪುತ್ತೆ.

ಅವಳಿಗೆ ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ ಕೊಟ್ಟರು. ಇದೊಂದು ಮಾತು ದಯವಿಟ್ಟು ನೆನಪಿಡಿ. ಈ ಕಾಯಿಲೆಗೆ ಅದನ್ನು ತಗೊಳ್ಳೋದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಪೆನ್ನಿನ ಗುರುತು ಇದೆ. ಆಗಾಗ ರಕ್ತ ಪರೀಕ್ಷೆಯೂ ಬೇಕು. ಗುಣ ಕಾಣೋಕೆ ಆರರಿಂದ ಹನ್ನೆರಡು ವಾರ ಹಿಡಿಯುತ್ತೆ. "ಎರಡೇ ದಿನಕ್ಕೆ ಮಾಯ" ಆಗೋ ಪುಡಿ ರುಚಿ ಕಂಡವರಿಗೆ ಈ ಕಾಯೋದೇ ಕಷ್ಟ. ಅವಳು ಕಾದಳು. ಎರಡು ಬೆರಳು ಸ್ವಲ್ಪ ಸೊಟ್ಟಗಾಗಿದ್ದು ಹಾಗೇ ಉಳಿದಿವೆ. ಆದ್ರೂ ಈಗ ಅರ್ಧ ದಿನ ಕಂಡಿಕೆ ಸುತ್ತುತ್ತಾಳೆ.

ಮಾವನ ಕುತ್ತಿಗೆ: ನೀರು

ಮೂರನೆಯದು ನಮ್ಮ ಜಿಲ್ಲೆಯವರೆಲ್ಲ ಓದಲೇಬೇಕಾದ್ದು. ನನ್ನ ಸೋದರಮಾವನಿಗೆ ಎಪ್ಪತ್ತೊಂದು. ಹಿಂದಿನಿಂದ ಕೂಗಿದರೆ ಕುತ್ತಿಗೆ ತಿರುಗಿಸಲ್ಲ, ಇಡೀ ಮೈಯನ್ನೇ ತಿರುಗಿಸ್ತಾರೆ. ಸೊಂಟ, ಮೊಳಕಾಲು ಎಲ್ಲ ಬಿಗಿ. ಅವರು ಹತ್ತಾರು ವರ್ಷ ಕುಡಿದಿದ್ದು ಬೋರ್‌ವೆಲ್ ನೀರು.

ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿರೋ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಬಣ್ಣದ ಗೆರೆ ಬರುತ್ತೆ. ನೀರಿನಲ್ಲಿ ಅದು ಇನ್ನೂ ಹೆಚ್ಚಿದ್ದರೆ ದೊಡ್ಡವರ ಮೂಳೆ, ಕೀಲು ಗಡಸಾಗುತ್ತೆ. ಇದು ನೋಡೋಕೆ ಥೇಟ್ ಸಂಧಿವಾತದ ಹಾಗೇ ಇರೋದ್ರಿಂದ ಬಹಳ ಜನ ನೋವಿನ ಮಾತ್ರೆ ನುಂಗುತ್ತಾ ಅದೇ ನೀರು ಕುಡೀತಿರ್ತಾರೆ. ತುಂಗಭದ್ರಾ ಹಿನ್ನೀರಿನಿಂದ ನಮ್ಮ ಮೊಳಕಾಲ್ಮುರು, ಚಳ್ಳಕೆರೆ, ಪಾವಗಡ ಕಡೆಗೆ ಕುಡಿಯೋ ನೀರು ತರುವ ಯೋಜನೆ ಹಾಕಿಕೊಂಡಿದ್ದಕ್ಕೆ ಈ ಫ್ಲೋರೈಡೇ ದೊಡ್ಡ ಕಾರಣ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಬಹುದು. ಮೊಳಕಾಲು ಬಗ್ಗಿಸದೆ ಕಾಲ್ಬೆರಳು ಮುಟ್ಟೋಕಾಗುತ್ತಾ? ಗದ್ದವನ್ನು ಎದೆಗೆ ತಾಗಿಸೋಕಾಗುತ್ತಾ? ಎರಡೂ ಕೈಯನ್ನು ತಲೆಯ ಹಿಂದೆ ಜೋಡಿಸೋಕಾಗುತ್ತಾ? ಆಗದಿದ್ದ ಮಾತ್ರಕ್ಕೆ ಫ್ಲೋರೋಸಿಸ್ ಅಂತ ಅಲ್ಲ. ಆದ್ರೆ ಊರಿನ ನೀರೂ ಅಂಥದ್ದೇ ಆಗಿದ್ದರೆ ಡಾಕ್ಟರಿಗೆ ಆ ಮಾತನ್ನು ಹೇಳಿ. ಎಕ್ಸ್‌ರೇ, ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತೆ.

ಇನ್ನೊಂದು ಮುಖ್ಯ ವಿಷಯ. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಎಷ್ಟೋ ಮನೆಗಳಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯೋಕೆ ಮಾತ್ರ ಇಟ್ಟುಕೊಂಡು, ಸಾರಿಗೆ, ಮುದ್ದೆಯ ಎಸರಿಗೆ ಬೋರಿನ ನೀರೇ ಹಾಕ್ತಾರೆ. ಅಡುಗೆಗೂ ಒಳ್ಳೆ ನೀರೇ ಬೇಕು. ಗಡಸಾದ ಮೂಳೆ ಮೊದಲಿನಂತಾಗಲ್ಲ, ಆದ್ರೆ ನೀರು ಬದಲಾಯಿಸಿದರೆ ಕಾಯಿಲೆ ಮುಂದಕ್ಕೆ ಹೋಗೋದು ತಡೆಯಬಹುದು. ಮಾವನ ಮನೆಯಲ್ಲಿ ಈಗ ಒಲೆಯ ಪಕ್ಕಕ್ಕೂ ಒಂದು ಕ್ಯಾನ್ ಬಂದಿದೆ. "ನನಗಾಗಿ ಅಲ್ಲವ್ವ, ಮೊಮ್ಮಕ್ಕಳಿಗಾಗಿ" ಅಂತಾರೆ.

ದಿನದಿನದ ಪಾಡಿಗೆ

ನನ್ನ ಮೊಳಕಾಲಿಗೆ ನಾನು ಮಾಡಿಕೊಳ್ತಿರೋದು ಇಷ್ಟು:

* ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರಕ್ಕೆ ಚಾಚಿ ಐದು ಎಣಿಸುವವರೆಗೆ ಹಿಡಿಯೋದು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಗ್ಗೆ ಸಂಜೆ. ತೊಡೆ ಗಟ್ಟಿಯಾದರೆ ಮೊಳಕಾಲಿನ ಹೊರೆ ಹಗುರ.
* ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು. ಮೊದಲು ಐದು ಸಲ, ಆಮೇಲೆ ಹತ್ತು.
* ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.
* ಊರುಗೋಲು ನೋವಿರೋ ಕಾಲಿನ ಕಡೆ ಅಲ್ಲ, ಅದರ ಎದುರು ಕೈಯಲ್ಲಿ.
* ಬಿಗಿತಕ್ಕೆ ಬಿಸಿ ಶಾಖ. ಊದಿ ಬಿಸಿಯಾಗಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು-ಹದಿನೈದು ನಿಮಿಷ.
* ನೆಲದ ಮೇಲೆ ಕೂರೋದರ ಬದಲು ಕುರ್ಚಿ, ಮಂಚ. ಶೌಚಕ್ಕೆ ಎತ್ತರದ ಕಮೋಡ್ ಕುರ್ಚಿ.

ಕಾಲು ನೋಯುತ್ತೆ ಅಂತ ಪೂರ್ತಿ ಕೂತುಬಿಟ್ಟರೆ ಸ್ನಾಯು ಸೋಲುತ್ತೆ, ನೋವು ಇನ್ನೂ ಹೆಚ್ಚುತ್ತೆ. ಬಾವು ಬಂದ ದಿನ ಸುಧಾರಿಸಿಕೊಳ್ಳಿ, ಇಳಿದ ಮೇಲೆ ಮತ್ತೆ ನಡೀರಿ. ನಮ್ಮ ಬೆಟ್ಟದ ಅಶೋಕನ ಶಾಸನದ ಸಾರವೂ ಅಂಥದ್ದೇ: ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ದಕ್ಕುತ್ತೆ ಅಂತ. ಅವನು ಹೇಳಿದ್ದು ಧರ್ಮದ ವಿಷಯ, ನಾನು ಮೊಳಕಾಲಿಗೂ ಅನ್ವಯಿಸಿಕೊಂಡಿದ್ದೀನಿ!

ಲಕ್ಕಿ ಸೊಪ್ಪಿನ ಶಾಖ, ಹರಳೆಣ್ಣೆ ತಿಕ್ಕೋದು ನಮ್ಮ ಮನೆಯಲ್ಲೂ ಉಂಟು. ಹಾಯೆನಿಸುತ್ತೆ, ಬೇಡ ಅನ್ನಲ್ಲ. ಆದ್ರೆ ಅದು ಆಮವಾತವನ್ನು ನಿಲ್ಲಿಸಲ್ಲ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗೋದಂತೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ತೊಂದರೆ. ಬಿ.ಪಿ., ಸಕ್ಕರೆ ಇರುವವರಿಗೆ ಇನ್ನೂ ಅಪಾಯ. ಸವೆತ ಮಿತಿ ಮೀರಿ, ರಾತ್ರಿ ನಿದ್ದೆಯೂ ಇಲ್ಲ, ನಾಲ್ಕು ಹೆಜ್ಜೆಯೂ ಆಗಲ್ಲ ಅನ್ನೋರಿಗೆ ಮಂಡಿ ಬದಲಾವಣೆಯ ಆಪರೇಷನ್ ಇದೆ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ ಮೇಲೆ ಅದರ ದರವೂ ಇಳಿದಿದೆ.

ತಡ ಮಾಡಬಾರದ್ದು

ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಊದಿ, ಮುಟ್ಟಿದರೆ ಸುಡುತ್ತಾ, ಜೊತೆಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಇರಬಹುದು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಊದಿ, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವಾದರೆ ಯೂರಿಕ್ ಆಮ್ಲದ ಗೌಟ್ ಇರಬಹುದು. ಅದಕ್ಕೆ ಬೇರೆಯೇ ಔಷಧಿ. ಜ್ವರ ಬಂದು ಹೋದ ಮೇಲೆ ಕೀಲು ಹಿಡಿದುಕೊಂಡರೆ ಅದನ್ನೂ ಹೇಳಿ. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿದ ಚಿಕುನ್‌ಗುನ್ಯಾ ಜ್ವರ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕೀಲು ನೋವು ಉಳಿಸಿ ಹೋಗಿದ್ದನ್ನು ನಾವೆಲ್ಲ ನೋಡಿದ್ದೀವಿ.

ಡಾಕ್ಟರ ಹತ್ತಿರ ಹೋಗೋ ಮುಂಚೆ ಒಂದು ಚೀಟಿಯಲ್ಲಿ ಐದು ವಿಷಯ ಬರ್ಕೊಳ್ಳಿ. ಯಾವ ಯಾವ ಕೀಲು? ಬೆಳಗ್ಗೆ ಬಿಗಿತ ಎಷ್ಟು ಹೊತ್ತು? ಊದಿದ್ದು ಯಾವಾಗಿನಿಂದ? ಈವರೆಗೆ ನುಂಗಿದ ಮಾತ್ರೆ, ಪುಡಿ ಏನೇನು? ಕುಡಿಯೋ ನೀರು ಯಾವುದು? ಅಲ್ಲಿನ ನೂಕುನುಗ್ಗಲಿನಲ್ಲಿ ನಮ್ಮ ಹಿರಿಯರು "ಕಾಲು ನೋವು ಸಾರ್" ಅಂತಷ್ಟೇ ಹೇಳಿ ಮಾತ್ರೆ ಇಸ್ಕೊಂಡು ಬರ್ತಾರೆ. ಚೀಟಿ ಬರೆದುಕೊಟ್ಟು, ಸಾಧ್ಯವಾದರೆ ಮನೆಯವರು ಯಾರಾದ್ರೂ ಜೊತೆಗೆ ಹೋಗಿ. ಮುಂದಿನ ಸಲ ಅತ್ತೆಯೋ ಅಪ್ಪನೋ ಮೊಳಕಾಲು ಹಿಡಿದುಕೊಂಡು "ಅಯ್ಯೋ" ಅಂದಾಗ, ವಯಸ್ಸಾಯ್ತು ಬಿಡಿ ಅನ್ನೋ ಬದಲು ಆ ಚೀಟಿಯ ಮೊದಲನೇ ಪ್ರಶ್ನೆ ಕೇಳಿ.