ಲಾಳ ಕಟ್ಟುವವರ ಕಾಲಿಗೆ ತಕ್ಕ ಬೂಟು

ಕುದುರೆಗೆ ಲಾಳ ಕಟ್ಟುವವರನ್ನು ನೀವು ನೋಡಿರಬಹುದು. ಕುದುರೆಯ ಕಾಲನ್ನು ಮಡಚಿ ಎರಡು ಮೊಣಕಾಲುಗಳ ನಡುವೆ ಹಿಡಿದು, ಬೆನ್ನು ಬಗ್ಗಿಸಿ, ಬೆಳೆದ ಗೊರಸನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮಮಾಡಿ, ಕಬ್ಬಿಣದ ಲಾಳವನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಪ್ರಾಣಿಯ ಪಾದದ ಬಗ್ಗೆ ಇಷ್ಟು ಕಾಳಜಿ ವಹಿಸುವ ಆ ಮನುಷ್ಯನ ಕಾಲಲ್ಲಿ ಏನಿರುತ್ತದೆ? ಅನೇಕ ವೇಳೆ ಒಂದು ಜೊತೆ ಹವಾಯಿ ಚಪ್ಪಲಿ!

ಉರ್ದುವಿನಲ್ಲಿ ‘ನಾಲ್’ ಎಂದರೆ ಲಾಳ. ಅದನ್ನು ಕಟ್ಟುವವನು ನಾಲ್‌ಬಂದ್. ಈ ಕಸುಬನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡ ಮುಸ್ಲಿಂ ಕುಟುಂಬಗಳು ನಮ್ಮ ರಾಜ್ಯದಲ್ಲಿವೆ. ಜಟಕಾ ಗಾಡಿಗಳು ಮರೆಯಾದ ಮೇಲೆ ಕೆಲಸ ಕಡಿಮೆಯಾಯಿತು, ಆದರೆ ನಿಂತುಹೋಗಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಸವಾರಿ ಕಲಿಸುವ ಶಾಲೆಗಳಿವೆ, ಮದುವೆ ಮೆರವಣಿಗೆಯ ಕುದುರೆಗಳಿವೆ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ, ನೆಲಮಂಗಲದಿಂದ ಹಾಸನದ ಕಡೆ ತಿರುಗಿದರೆ ಟಿಪ್ಪು ಸುಲ್ತಾನರ ಕಾಲದಲ್ಲಿ ಸೇನೆಗೆ ಕುದುರೆ ಸಾಕಿದ ಕುಣಿಗಲ್ ಸಿಗುತ್ತದೆ. ಕುದುರೆ ಇರುವಲ್ಲೆಲ್ಲ ಲಾಳ ಕಟ್ಟುವವರು ಬೇಕೇ ಬೇಕು.

ಕಾರ್ಖಾನೆಯ ಕೆಲಸಗಾರನಿಗೆ ಬೂಟು ಕೊಡಿಸಲು ಮಾಲೀಕನಿದ್ದಾನೆ. ನಾಲ್‌ಬಂದ್‌ಗೆ ಯಾರಿದ್ದಾರೆ? ಅವರ ಬೂಟನ್ನು ಮನೆಯವರೇ ಆರಿಸಬೇಕು. ಆದ್ದರಿಂದಲೇ ಈ ಮಾತು ಗೃಹಿಣಿಯರ ಗಮನಕ್ಕೆ.

ಅಪಾಯ ಎಲ್ಲೆಲ್ಲಿದೆ?

ದೊಡ್ಡ ಕುದುರೆಯ ತೂಕ 400ರಿಂದ 500 ಕಿಲೋ. ಅದು ಬೆದರಿ ಹೆಜ್ಜೆ ಬದಲಿಸಿದರೆ ಲಾಳವಿರುವ ಗೊರಸು ನೇರವಾಗಿ ಕಾಲ್ಬೆರಳ ಮೇಲೆ ಬೀಳುತ್ತದೆ. ನೆಲದಲ್ಲಿ ಬಿದ್ದ ಹಳೆಯ ಮೊಳೆ ಅಂಗಾಲಿಗೆ ಚುಚ್ಚುತ್ತದೆ. ಲಾಳ ಕಾಯಿಸಿ ಬಡಿಯುವಾಗ ಕೆಂಡದಂತಹ ಕಬ್ಬಿಣದ ಚೂರು ಸಿಡಿಯುತ್ತದೆ. ಸಗಣಿ, ಮೂತ್ರದಿಂದ ಒದ್ದೆಯಾದ ನೆಲ ಜಾರುತ್ತದೆ.

ಇವುಗಳಲ್ಲಿ ಮೊಳೆಯ ಗಾಯವನ್ನು ಎಂದೂ ಹಗುರವಾಗಿ ಎಣಿಸಬೇಡಿ. ಧನುರ್ವಾಯುವಿನ ರೋಗಾಣು ಕುದುರೆಯ ಲದ್ದಿಯಲ್ಲೂ ಅದು ಬಿದ್ದ ಮಣ್ಣಿನಲ್ಲೂ ಇರುತ್ತದೆ. ಅರಿಸಿನ ಹಚ್ಚಿ ಸುಮ್ಮನಿರುವುದು ಸರಿಯಲ್ಲ. ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಕೊನೆಯ ಧನುರ್ವಾಯು ಚುಚ್ಚುಮದ್ದು ಯಾವ ವರ್ಷದ್ದೆಂದು ಮನೆಯಲ್ಲಿ ಬರೆದಿಟ್ಟಿರಿ. 10 ವರ್ಷಕ್ಕೊಮ್ಮೆ ಅದನ್ನು ಹಾಕಿಸಬೇಕು. ಕೊಳಕು ಗಾಯವಾಗಿ, ಕೊನೆಯ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ ಆಗಲೇ ಬೇಕಾಗುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು?

ಸೇಫ್ಟಿ ಶೂನಂತೆ ಕಾಣುವ ಎಲ್ಲ ಬೂಟುಗಳಲ್ಲೂ ಬೆರಳನ್ನು ಕಾಯುವ ಗಟ್ಟಿ ಕವಚ ಇರುವುದಿಲ್ಲ. ಐಎಸ್‌ಐ ಗುರುತಿನ ಜೊತೆ ‘ಐಎಸ್ 15298’ ಎಂಬ ಸಂಖ್ಯೆ ಮತ್ತು ಅದರ ಭಾಗ ಯಾವುದೆಂದು ಓದಿ. 2ನೇ ಭಾಗದ ಬೂಟಿನ ಕವಚ 200 ಜೂಲ್ ಹೊಡೆತ ತಡೆಯಬೇಕು. ಎಂದರೆ 20 ಕಿಲೋ ತೂಕ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು. 3ನೇ ಭಾಗದ್ದು ಅದರ ಅರ್ಧ ಮಾತ್ರ. 4ನೇ ಭಾಗದ ಬೂಟಿಗೆ ಕವಚವೇ ಕಡ್ಡಾಯವಲ್ಲ. ಕುದುರೆಯ ಹತ್ತಿರ ಕೆಲಸ ಮಾಡುವವರಿಗೆ 2ನೇ ಭಾಗದ್ದೇ ಬೇಕು.

ಮೊಳೆ ಚುಚ್ಚದಂತೆ ಅಡಿಯಲ್ಲಿ ತಡೆಪದರ ಇರಬೇಕು. ‘ಪಿ’ ಅಥವಾ ‘ಎಸ್3’ ಎಂದು ಬರೆದಿದ್ದರೆ ಅದು ಇದೆಯೆಂದು ಅರ್ಥ. ಬೂಟಿನ ಮೇಲ್ಭಾಗ ಚರ್ಮದ್ದಾಗಿರಲಿ. ಅಗ್ಗದ ಸಿಂಥೆಟಿಕ್ ಬಟ್ಟೆ ಬಿಸಿ ಚೂರಿಗೆ ಕರಗಿ ಕಾಲಿಗೆ ಅಂಟಿಕೊಳ್ಳಬಹುದು. ಹರಡು ಮುಚ್ಚುವಷ್ಟು ಎತ್ತರವಿರಲಿ. ಪ್ಯಾಂಟಿನ ಅಂಚು ಬೂಟಿನ ಹೊರಗೇ ಇರಲಿ, ಒಳಗೆ ತುರುಕಿದರೆ ಕಿಡಿ ನೇರವಾಗಿ ಒಳಗೆ ಬೀಳುತ್ತದೆ.

“ಉಕ್ಕಿನ ಕವಚ ಬಾಗಿದರೆ ಬೆರಳೇ ಕತ್ತರಿಸಿಹೋಗುತ್ತದೆ” ಎಂದು ಕೆಲವರು ಹೆದರುತ್ತಾರೆ. ಅಂತಹ ಕವಚವನ್ನೇ ಬಗ್ಗಿಸುವಷ್ಟು ಭಾರ ಬಿದ್ದರೆ, ಚಪ್ಪಲಿಯೊಳಗಿನ ಬೆರಳು ಉಳಿಯುವುದುಂಟೇ? ಆದರೆ ಒಂದು ಮಾತು ನೆನಪಿರಲಿ: ಕವಚ ಕಾಯುವುದು ಬೆರಳುಗಳನ್ನು ಮಾತ್ರ, ಪಾದದ ಮೇಲ್ಭಾಗವನ್ನಲ್ಲ. ಅಲ್ಲಿಗೂ ರಕ್ಷಣೆಯಿರುವ ಬೂಟು ಸಿಕ್ಕರೆ ಇನ್ನೂ ಒಳ್ಳೆಯದು.

ಬೂಟನ್ನು ಸಂಜೆ ಕೊಳ್ಳಿರಿ. ಹಗಲೆಲ್ಲ ನಿಂತ ಕಾಲು ಆಗ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಲಿ. ನಡೆದರಷ್ಟೇ ಸಾಲದು, ಅಂಗಡಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಕೆಲಸದಲ್ಲಿ ಬಗ್ಗುವಂತೆ ಬಗ್ಗಿ ನೋಡಲಿ. ಆಗ ಕವಚದ ಅಂಚು ಬೆರಳಿನ ಗೆಣ್ಣಿಗೆ ಒತ್ತಿದರೆ ಆ ಬೂಟು ಬೇಡ. ಒತ್ತುವ ಬೂಟನ್ನು ಯಾರೂ ಎರಡನೆಯ ದಿನ ಹಾಕುವುದಿಲ್ಲ.

ಮನೆಯಲ್ಲಿ ಆರೈಕೆ

ದಿನಕ್ಕೆ ಹಲವು ಬಾರಿ ವುಝೂ ಮಾಡುವವರಿಗೆ ಲೇಸಿಲ್ಲದೆ ಎಳೆದು ಹಾಕುವ ಬೂಟು ಅನುಕೂಲ. ಕಿಡಿ ಒಳಹೊಕ್ಕರೆ ಅದನ್ನು ಬೇಗ ಕಳಚಲೂಬಹುದು. ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ ಒಣಗಿಸದೆ ಕಾಲುಚೀಲ ಹಾಕಿದರೆ ತುರಿಕೆ, ಹುಣ್ಣು ಬರುತ್ತದೆ. ಜೇಬಿನಲ್ಲಿ ಒಂದು ಸಣ್ಣ ಬಟ್ಟೆಯನ್ನೂ ಬುತ್ತಿಯ ಜೊತೆ ಇನ್ನೊಂದು ಜೊತೆ ಕಾಲುಚೀಲವನ್ನೂ ಇಟ್ಟು ಕಳುಹಿಸಿ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಗಾಯವಾದರೂ ನೋವು ತಿಳಿಯದೆ ಇರಬಹುದು. ರಾತ್ರಿ ಅಂಗಾಲನ್ನು ನೀವೇ ಒಮ್ಮೆ ನೋಡಿ.

ಬೂಟಿಗೆ ಅಂಟಿದ ಲದ್ದಿಯನ್ನು ಹೊರಗೇ ತೊಳೆದು, ನೆರಳಿನಲ್ಲಿ ಒಣಗಿಸಿ. ಮೂತ್ರದ ತೇವ ಚರ್ಮವನ್ನೂ ಹೊಲಿಗೆಯನ್ನೂ ಬೇಗ ಹಾಳು ಮಾಡುತ್ತದೆ. ಅಡಿ ಸವೆದು ನುಣುಪಾದರೆ ಅಥವಾ ಕವಚಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದರೆ ಬೂಟು ಬದಲಿಸಿ.

ಕಾರ್ಖಾನೆಯವರಿಗೆ

ನಿಮ್ಮ ಮನೆಯವರು ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ಯಂತ್ರದ ಮುಂದೆ ನಿಲ್ಲುವವರಾದರೂ ಅಂಗಡಿಯ ಈ ಪರೀಕ್ಷೆಗಳೆಲ್ಲ ಅನ್ವಯಿಸುತ್ತವೆ. ಒಂದೇ ವ್ಯತ್ಯಾಸ: 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಂತೆ, ಸುರಕ್ಷತೆಗಾಗಿ ಒದಗಿಸಿದ ವಸ್ತುವಿಗೆ ಮಾಲೀಕರು ಕೆಲಸಗಾರನಿಂದ ಹಣ ಪಡೆಯುವಂತಿಲ್ಲ. ಇಎಸ್‌ಐ ಇದ್ದವರಿಗೆ ಕೆಲಸದಲ್ಲಿ ಪೆಟ್ಟಾದರೆ ವಿಶ್ರಾಂತಿಯ ದಿನಗಳಿಗೆ ಕೂಲಿಯ ಶೇ. 90ರಷ್ಟು ಪರಿಹಾರವಿದೆ.

ಸ್ವಂತ ಕಸುಬಿನ ನಾಲ್‌ಬಂದ್‌ಗೆ ಈ ಯಾವ ಆಸರೆಯೂ ಇಲ್ಲ. ಕಾಲು ಮುರಿದು ಮಲಗಿದರೆ ಅಂದಿನಿಂದಲೇ ಒಲೆಯ ಮೇಲಿನ ಪಾತ್ರೆಗೆ ತಟ್ಟುತ್ತದೆ. ಸುತ್ತಿಗೆ, ಇಕ್ಕಳ, ಅರ ಕೊಳ್ಳುವಾಗ ಯಾರೂ ಅದನ್ನು ದುಂದು ಎನ್ನುವುದಿಲ್ಲ. ಬೂಟನ್ನೂ ಆ ಚೀಲದ ಒಂದು ಹತ್ಯಾರು ಎಂದೇ ಎಣಿಸಿ, ಮನೆಖರ್ಚಿನಿಂದ ತಿಂಗಳಿಗಿಷ್ಟು ಎತ್ತಿಡಿ. ದುಡಿಯುವ ಕೈಗಳನ್ನು ನಿಲ್ಲಿಸಿರುವುದು ಆ ಎರಡು ಕಾಲುಗಳೇ ಅಲ್ಲವೇ?