ನಗೆಚಿತ್ರದೊಳಗೆ ನಿಜವಾಗಿ ತಿರುಗುವ ಹಲ್ಲುಚಕ್ರ

ಹಬೆಯ ಬಲದಿಂದಲೇ ಎಲ್ಲವೂ ನಡೆಯುವ ಕಲ್ಪಿತ ಲೋಕದ ಸಾಹಸಕಥೆಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಬಹುಪಾಲು ಕಥೆಗಳಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳು ಅಲಂಕಾರಕ್ಕೆ ನಿಂತಿರುತ್ತವೆ. ಅವು ತಿರುಗಿದರೆ ಏನು ಕೆಲಸವಾಗುತ್ತದೆ ಎಂಬುದು ಓದುಗರಿಗೆ ಕೊನೆಗೂ ತಿಳಿಯುವುದಿಲ್ಲ. ಕೆನಡಾ ಮೂಲದ ಅನಿಮೇಷನ್ ಕಲಾವಿದೆ ಸಿಡ್ನಿ ಪಡುವಾ ಅವರ ಚಿತ್ರಕಾದಂಬರಿ ‘ದಿ ಥ್ರಿಲ್ಲಿಂಗ್ ಅಡ್ವೆಂಚರ್ಸ್ ಆಫ್ ಲವ್‌ಲೇಸ್ ಅಂಡ್ ಬ್ಯಾಬೇಜ್’ (2015) ಹಾಗಲ್ಲ. ಉದ್ದಕ್ಕೂ ನಗಿಸುವ ಈ ಪುಸ್ತಕ ಕಂಪ್ಯೂಟರಿನ ಪೂರ್ವಕಥೆಯನ್ನು ಎಷ್ಟೋ ಗಂಭೀರ ಜೀವನಚರಿತ್ರೆಗಳಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ ಎಂಬುದು ನನ್ನ ವಾದ.

ಮೊದಲು ನಡೆದದ್ದೇನು ಎಂದು ನೋಡೋಣ. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ನ ‘ಡಿಫರೆನ್ಸ್ ಎಂಜಿನ್’ ಎಂಬ ಲೆಕ್ಕದ ಯಂತ್ರಕ್ಕೆ ಬ್ರಿಟಿಷ್ ಸರ್ಕಾರ ಸುಮಾರು 17,000 ಪೌಂಡ್ ಸುರಿದು, 1842ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಆತನ ಮನಸ್ಸು ಇನ್ನೂ ದೊಡ್ಡದಾದ ‘ಅನಲಿಟಿಕಲ್ ಎಂಜಿನ್’ ಕಡೆಗೆ ಹರಿದಿತ್ತು. ಅದರಲ್ಲಿ ಸಂಖ್ಯೆಗಳನ್ನು ಇಡಲು ಒಂದು ಉಗ್ರಾಣ, ಲೆಕ್ಕ ಮಾಡಲು ಒಂದು ಗಿರಣಿ. ಯಾವಾಗ ಏನು ಮಾಡಬೇಕೆಂದು ಹೇಳಲು ತೂತು ಹೊಡೆದ ರಟ್ಟಿನ ಕಾರ್ಡುಗಳು. ನಮ್ಮ ರೇಷ್ಮೆ ಸೀರೆಯ ಅಂಚು, ಸೆರಗು ನೇಯುವ ಜಾಕಾರ್ಡ್ ಮಗ್ಗಗಳ ಮೇಲೆ ಸಾಲಾಗಿ ಇಳಿಬಿಟ್ಟಿರುತ್ತಾರಲ್ಲ, ಅದೇ ಬಗೆಯ ಕಾರ್ಡು. ಈ ಯಂತ್ರದ ಬಗ್ಗೆ ಮೆನಾಬ್ರಿಯಾ ಎಂಬಾತ ಬರೆದ ಫ್ರೆಂಚ್ ಲೇಖನವನ್ನು ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್ ಅನುವಾದಿಸಿ, ಮೂಲಕ್ಕಿಂತ ಉದ್ದದ ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಪ್ರಕಟಿಸಿದಳು. 1852ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡಳು. ಯಂತ್ರ ಕಾಗದದಲ್ಲೇ ಉಳಿಯಿತು. ಪಡುವಾ ಇಷ್ಟನ್ನೂ ಮೊದಲು ಹೇಳಿ, ಯಂತ್ರ ಪೂರ್ತಿಯಾಗಿ ನಿರ್ಮಾಣವಾದ, ಏಡಾ ಬದುಕಿಯೇ ಇರುವ ಇನ್ನೊಂದು ಲೋಕವನ್ನು ತೆರೆಯುತ್ತಾರೆ.

ಬಾಳಿಹೋದ ವ್ಯಕ್ತಿಗಳಿಗೆ ಕಟ್ಟುಕಥೆ ತಗುಲಿಸಿದರೆ ಓದುಗರು ದಾರಿ ತಪ್ಪುವುದಿಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಇಲ್ಲಿ ಕಲ್ಪನೆ ಚಿತ್ರದ ಚೌಕಟ್ಟಿನೊಳಗೆ, ದಾಖಲೆ ಅಡಿಟಿಪ್ಪಣಿಯಲ್ಲಿ. ಬ್ಯಾಬೇಜ್ ಬೀದಿ ವಾದ್ಯಗಾರರ ಮೇಲೆ ಯುದ್ಧ ಸಾರುವುದು ಅಪ್ಪಟ ಹಾಸ್ಯದಂತೆ ಕಾಣುತ್ತದೆ. ಅದು ನಡೆದದ್ದೇ. 1864ರ ತನ್ನ ಆತ್ಮಕಥೆಯಲ್ಲಿ ಆತ ಬೀದಿ ಗದ್ದಲಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ತನ್ನನ್ನು ಕಾಡಿದ ವಾದ್ಯಗಳನ್ನೆಲ್ಲ ಪಟ್ಟಿ ಮಾಡಿದ್ದಾನೆ. ಲಂಡನ್ನಿನ ಬೀದಿ ಸಂಗೀತಕ್ಕೆ ಕಡಿವಾಣ ಹಾಕುವ ಕಾನೂನು ಬಂದದ್ದೂ ಅದೇ ವರ್ಷ. ನಕ್ಕ ಓದುಗರು ‘ಇದು ನಿಜವೇ?’ ಎಂದು ಪುಟದ ತಳಕ್ಕೆ ಕಣ್ಣು ಹಾಯಿಸುತ್ತಾರೆ. ಊಹೆಯನ್ನೂ ದಾಖಲೆಯನ್ನೂ ಒಂದೇ ವಾಕ್ಯದಲ್ಲಿ ಬೆರೆಸಿಬಿಡುವ ಜೀವನಚರಿತ್ರೆಗಳಲ್ಲಿ ಈ ಅವಕಾಶವೇ ಇರುವುದಿಲ್ಲ.

ಒಂದು ಅಧ್ಯಾಯದಲ್ಲಿ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಹಸ್ತಪ್ರತಿಯೊಂದಿಗೆ ಕಾಗುಣಿತ ತಿದ್ದುವ ಯಂತ್ರದ ಬಳಿಗೆ ಬಂದು, ಅದರ ಒಡಲೊಳಗೇ ದಾರಿ ತಪ್ಪುತ್ತಾಳೆ. ಆಕೆಯ ಜೊತೆ ನಾವೂ ಚಕ್ರಗಳ ಕಂಬಗಳ ನಡುವೆ ಅಲೆಯುತ್ತೇವೆ. ನಗೆ ಹಾಗಿರಲಿ, ಅಕ್ಷರವೂ ಯಂತ್ರಕ್ಕೆ ಸಂಖ್ಯೆಯಾಗಬಲ್ಲದು ಎಂಬ ವಿಚಾರ ಇಲ್ಲಿ ಮೂರ್ತವಾಗುತ್ತದೆ. ಅದರ ಬೇರು ಇರುವುದು ಏಡಾಳ ಟಿಪ್ಪಣಿಗಳಲ್ಲೇ: ಸ್ವರಗಳ ಸಂಬಂಧವನ್ನು ನಿಯಮಗಳಲ್ಲಿ ಹಿಡಿದುಕೊಟ್ಟರೆ ಯಂತ್ರ ಸಂಗೀತವನ್ನೂ ರಚಿಸೀತು ಎಂದು ಆಕೆ ಬರೆದಿದ್ದಳು.

ಏಡಾಳಿಗೆ ಅತಿಯಾದ ಶ್ರೇಯಸ್ಸು ಸಲ್ಲುತ್ತಿದೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಅವರ ಮಾತಿಗೆ ಆಧಾರವಿದೆ. ಆಕೆಯ ಟಿಪ್ಪಣಿಗಳಲ್ಲಿ ಬರುವ ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ತಾನೇ ಮಾಡಿಕೊಟ್ಟೆ ಎಂದು ಬ್ಯಾಬೇಜ್ ಬರೆದಿದ್ದಾನೆ. ತನ್ನ ದೊಡ್ಡ ತಪ್ಪೊಂದನ್ನು ಆಕೆ ಹಿಡಿದಳೆಂದೂ ಅಲ್ಲೇ ಒಪ್ಪಿಕೊಂಡಿದ್ದಾನೆ. ಆದರೆ ಯಂತ್ರ ಅಂಕಗಣಿತದ ಆಚೆಗೂ ಹೋಗಬಲ್ಲದು ಎಂಬ ನೋಟ ಸ್ಪಷ್ಟವಾಗಿ ಮೂಡಿದ್ದು ಆಕೆಯ ಬರಹದಲ್ಲಿ. ಇಬ್ಬರನ್ನೂ ಜಗಳವಾಡುವ ಜೋಡಿಯಾಗಿ ಚಿತ್ರಿಸಿದ್ದು ಈ ಸತ್ಯಕ್ಕೆ ಸರಿಯಾಗಿಯೇ ಒಪ್ಪುತ್ತದೆ.

ಆಗದ ಯಂತ್ರದ ಕಥೆ ಕಟ್ಟಿ ಏನು ಪ್ರಯೋಜನ ಎಂದೂ ಕೇಳಬಹುದು. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಬ್ಯಾಬೇಜ್‌ನ ‘ಡಿಫರೆನ್ಸ್ ಎಂಜಿನ್ ನಂ. 2’ರ ಲೆಕ್ಕದ ಭಾಗವನ್ನು ಆತನ ನಕ್ಷೆಗಳಂತೆ, ಆ ಕಾಲಕ್ಕೆ ಸಾಧ್ಯವಿದ್ದಷ್ಟೇ ನಿಖರತೆಯಲ್ಲಿ ಕಟ್ಟಿತು. ಅದು ಸರಿಯಾಗಿ ಲೆಕ್ಕ ಮಾಡಿತು. ಅನಲಿಟಿಕಲ್ ಎಂಜಿನ್ನಿನ ಮಾತು ಬೇರೆ. ಅದು ಎಷ್ಟೋ ಪಟ್ಟು ಜಟಿಲ, ಪೂರ್ಣರೂಪದಲ್ಲಿ ಇಂದಿಗೂ ಯಾರೂ ಕಟ್ಟಿಲ್ಲ. 999ಕ್ಕೆ 1 ಕೂಡಿದಾಗ ದಶಕಗಳು ಒಂದರ ಹಿಂದೆ ಒಂದು ಸಾಗುತ್ತ ಹೊತ್ತು ಕಳೆಯಬಾರದೆಂದು, ಎಲ್ಲ ಸ್ಥಾನಗಳಿಗೂ ಒಟ್ಟಿಗೇ ದಶಕ ದಾಟಿಸುವ ಉಪಾಯವನ್ನು ಬ್ಯಾಬೇಜ್ ಅದಕ್ಕಾಗಿ ರೂಪಿಸಿದ್ದ. ನಕ್ಷೆಗಳ ರಾಶಿಯಲ್ಲಿ ಹುದುಗಿದ್ದ ಆ ಯಂತ್ರವನ್ನು ಪಡುವಾ ಪುಸ್ತಕದ ಕೊನೆಯ ಅನುಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ. ಗಣಿತವೆಂದರೆ ಹೆದರುವವರೂ ಅದರ ಚಕ್ರಗಳನ್ನು ಬೆರಳಿಟ್ಟು ಹಿಂಬಾಲಿಸಬಹುದು.