ಗೃಹಸಾಲಕ್ಕೆ ಮುನ್ನ ಹೆಸರು ಒಂದಾಗಲಿ, ಹಣಕ್ಕೆ ಲೆಕ್ಕವಿರಲಿ

ಪುಣೆಯೋ ಚೆನ್ನೈಯೋ ಹೈದರಾಬಾದೋ, ಹತ್ತು ವರ್ಷ ಬಾಡಿಗೆ ಕಟ್ಟಿದ ಮೇಲೆ ‘ಇನ್ನು ನಮ್ಮದೂ ಒಂದು ಇರಲಿ’ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಫ್ಲ್ಯಾಟ್ ನೋಡಿ, ಟೋಕನ್ ಕೊಟ್ಟು, ಆಮೇಲೆ ಕಾಗದಪತ್ರ ಹುಡುಕಲು ಕೂರುವವರೇ ಹೆಚ್ಚು. ಈ ಕ್ರಮ ತಿರುಗಬೇಕು. ಸಂಬಳ ಎಷ್ಟೇ ಚೆನ್ನಾಗಿದ್ದರೂ ಸಾಲ ಮಂಜೂರಾಗುವುದು ತಡವಾದರೆ ಮಾರುವವರು ಕೊಟ್ಟ ಗಡುವು ಮುಗಿಯುತ್ತದೆ. ಟೋಕನ್ ಹಣ ವಾಪಸ್ ಬಂದೀತೆಂಬ ಖಾತರಿ ಇಲ್ಲ. ಹೊರರಾಜ್ಯದಲ್ಲಿರುವ ನಮ್ಮ ಅರ್ಜಿ ತಡೆದು ನಿಲ್ಲಲು ಎರಡು ವಿಶೇಷ ಕಾರಣಗಳಿವೆ: ನಮ್ಮ ಹೆಸರು ಮತ್ತು ಊರಿನಿಂದ ಬರುವ ಹಣ.

ಒಬ್ಬನಿಗೆ ನಾಲ್ಕು ಹೆಸರು

ಉದಾಹರಣೆಗೆ ಮಂಜುನಾಥ ಎಂಬ ಹೆಸರು ತೆಗೆದುಕೊಳ್ಳಿ. ಊರು ಹೊಳಲ್ಕೆರೆ, ತಂದೆ ರಾಮಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಆರ್.’, ಆಧಾರ್‌ನಲ್ಲಿ ‘ಮಂಜುನಾಥ್ ಆರ್’, ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದ ‘ಮಂಜುನಾಥ ಹೊಳಲ್ಕೆರೆ ರಾಮಪ್ಪ’. ಪುಣೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿರುವುದರಿಂದ ಕರಾರುಪತ್ರದಲ್ಲಿ ‘ಮಂಜುನಾಥ ರಾಮಪ್ಪ ಹೊಳಲ್ಕೆರೆ’. ನಮಗೆ ನಾಲ್ವರೂ ಒಬ್ಬನೇ. ಕಡತ ನೋಡುವ ಅಧಿಕಾರಿಗೆ ಹಾಗಲ್ಲ.

ಪ್ಯಾನ್‌ನಲ್ಲಿರುವ ಹೆಸರನ್ನೇ ಆಧಾರವಾಗಿ ಇಟ್ಟುಕೊಳ್ಳಿ. ತೆರಿಗೆ, ಸಂಬಳ, ಸಾಲದ ಇತಿಹಾಸ ಎಲ್ಲವೂ ಅದರ ಜೊತೆಗೇ ಹೆಣೆದುಕೊಂಡಿವೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ನೋಡಿ ತಿದ್ದಿಸಿ. ಅಂಕಪಟ್ಟಿಯಂಥ ಹಳೆಯ ದಾಖಲೆಗಳ ವ್ಯತ್ಯಾಸಕ್ಕೆ ‘ಇವೆಲ್ಲವೂ ಒಬ್ಬನೇ ವ್ಯಕ್ತಿಯ ಹೆಸರುಗಳು’ ಎಂಬ ನೋಟರಿ ಅಫಿಡವಿಟ್ ಮಾಡಿಸಿಡಿ. ಕರಾರುಪತ್ರದ ಕರಡು ಬಂದಾಗ ಬೆಲೆಗಿಂತ ಮೊದಲು ಹೆಸರಿನ ಸಾಲು ಓದಿ. ನೋಂದಣಿಯಾದ ಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರಕ್ಕೆ ಮಾರಿದವರೂ ಮತ್ತೆ ಬಂದು ಸಹಿ ಹಾಕಬೇಕು.

ಕೈಯಿಂದ ಹಾಕಬೇಕಾದದ್ದು ಎಷ್ಟು?

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲಾದರೆ ಶೇ 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರುವುದಿಲ್ಲ.

ನಾನಿರುವ ಪುಣೆಯ ಲೆಕ್ಕವನ್ನೇ ನೋಡೋಣ. 70 ಲಕ್ಷದ ಹಳೆಯ ಫ್ಲ್ಯಾಟಿಗೆ ಹೆಚ್ಚೆಂದರೆ 56 ಲಕ್ಷ ಸಾಲ. ಉಳಿದ 14 ಲಕ್ಷ ನಿಮ್ಮದು. ಪಾಲಿಕೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ 7, ಅಂದರೆ 4.9 ಲಕ್ಷ, ನೋಂದಣಿಗೆ 30 ಸಾವಿರ. ಒಟ್ಟು 19.2 ಲಕ್ಷ ಕೈಯಲ್ಲಿರಬೇಕು. ಮಹಿಳೆಯ ಹೆಸರಿನಲ್ಲಷ್ಟೇ ಕೊಂಡರೆ ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕ ಶೇ 1ರಷ್ಟು ಕಡಿಮೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ 1 ಟಿಡಿಎಸ್ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು ಎಂಬುದೂ ನೆನಪಿರಲಿ.

ಅಪ್ಪ ಕೊಟ್ಟ ಹಣ

ಈ 19 ಲಕ್ಷದಲ್ಲಿ ಒಂದು ಪಾಲು ಊರಿನಿಂದ ಬರುವುದುಂಟು: ಅಡಿಕೆ ಮಾರಿದ್ದು, ಸೈಟು ಕೊಟ್ಟಿದ್ದು, ಅಪ್ಪನ ಎಫ್‌ಡಿ ಮುರಿದಿದ್ದು. ಅರ್ಜಿ ಹಾಕುವ ಹಿಂದಿನ ವಾರ ನಿಮ್ಮ ಖಾತೆಗೆ ಒಮ್ಮೆಲೇ 8 ಲಕ್ಷ ಬಿದ್ದರೆ ಬ್ಯಾಂಕ್ ‘ಇದೆಲ್ಲಿಂದ?’ ಎಂದು ಕೇಳದೆ ಬಿಡುವುದಿಲ್ಲ; ಅದು ಬೇರೆ ಸಾಲವೂ ಆಗಿರಬಹುದಲ್ಲ. ತಂದೆ ತಾಯಿ ಕೊಟ್ಟ ಹಣಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಹಣ ಅವರ ಖಾತೆಯಿಂದ ನಿಮ್ಮ ಖಾತೆಗೆ ನೇರವಾಗಿ ಬರಬೇಕು, ಇದು ಉಡುಗೊರೆ, ಸಾಲವಲ್ಲ ಎಂದು ಅವರ ಸಹಿಯುಳ್ಳ ಒಂದು ಪತ್ರ ಜೊತೆಗಿರಬೇಕು.

ಹಣದ ಮೂಲ ತೋರಿಸಲು ಎಪಿಎಂಸಿ ಅಥವಾ ಮಂಡಿಯ ಬಿಲ್ಲು, ಪಹಣಿ, ಕ್ರಯಪತ್ರದ ಪ್ರತಿ ತರಿಸಿಟ್ಟುಕೊಳ್ಳಿ. ಪಹಣಿ ಕನ್ನಡದಲ್ಲಿರುತ್ತದೆ, ಪುಣೆಯ ಅಧಿಕಾರಿಗೆ ಓದಲು ಬಾರದು. ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಊರಿಗೆ ಹೋದಾಗಲೇ ಮಾಡಿಸಿ ತಂದರೆ ವಾರಗಳು ಉಳಿಯುತ್ತವೆ. ನಗದು ಮಾತ್ರ ಬೇಡ. ಮನೆ ಜಮೀನಿನ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಸೈಟು ಮಾರುವ ಅಪ್ಪನಿಗೂ ಇದನ್ನು ಮೊದಲೇ ಹೇಳಿಡಿ.

ಮೂರು ತಿಂಗಳು ಮೊದಲೇ

ಟೋಕನ್‌ಗೆ ಮೂರು ತಿಂಗಳು ಮುಂಚೆ ಕ್ರೆಡಿಟ್ ವರದಿ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿಸಿದ ಶಿಕ್ಷಣ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದೆಯೇ, ಗೆಳೆಯನ ಸಾಲಕ್ಕೆ ಹಾಕಿದ ಜಾಮೀನು ಅಲ್ಲಿದೆಯೇ ನೋಡಿ. ತಪ್ಪಿದ್ದರೆ ದೂರು ಕೊಟ್ಟ 30 ದಿನದೊಳಗೆ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಉಳಿದ ಕಾಗದಗಳು ಗೊತ್ತಿರುವವೇ: ಮೂರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16 ಮತ್ತು ರಿಟರ್ನ್ಸ್. ಕೆಲಸ ಬದಲಿಸಿದ್ದರೆ ಹಳೆಯ ಕಂಪನಿಯ ರಿಲೀವಿಂಗ್ ಪತ್ರ. ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೆ ಈಗಿನ ಮನೆಯ ನೋಂದಾಯಿತ ಬಾಡಿಗೆ ಕರಾರು.

ಸಾಲ ಸಿಕ್ಕ ದಿನ ಬ್ಯಾಂಕ್ ಇಟ್ಟುಕೊಂಡ ಮೂಲ ದಾಖಲೆಗಳ ಪಟ್ಟಿಯನ್ನು ಸಹಿ ಮೊಹರಿನೊಂದಿಗೆ ಕೇಳಿ ಪಡೆಯಿರಿ. ಸಾಲ ತೀರಿದ 30 ದಿನದೊಳಗೆ ಅವೆಲ್ಲ ವಾಪಸ್ ಬರಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಇಪ್ಪತ್ತು ವರ್ಷದ ನಂತರ ಆ ಕೌಂಟರಿನಲ್ಲಿ ನಿಲ್ಲುವವರು ನಿಮ್ಮ ಪತ್ನಿಯೋ ಪತಿಯೋ ಮಗಳೋ ಆಗಿರಬಹುದು. ಪಟ್ಟಿಯ ಒಂದು ಪ್ರತಿ ಎಲ್ಲಿದೆ ಎಂದು ಅವರಿಗೂ ಇಂದೇ ತಿಳಿದಿರಲಿ.